ಹೊಸ ಹಾಡೂ ಕೇಳುಗರ ತೀರ್ಪೂ

ಸಂಗೀತದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹಾಡಿದವರ ಚರಿತ್ರೆಯನ್ನು ಬರೆದಿರುವರಲ್ಲದೆ ಕೇಳಿದವರ ಚರಿತ್ರೆಯನ್ನು ಬರೆದಂತಿಲ್ಲ. ವಾಗ್ಗೇಯಕಾರರ ಜನ್ಮಸ್ಥಳ, ಗುರುಪರಂಪರೆ, ಅಂಕಿತ, ಕಾಲ ಇವೆಲ್ಲ ಗ್ರಂಥಗಳಲ್ಲಿ ದೊರೆಯುತ್ತವೆ. ಆ ಹಾಡು ಹೊಸದಾಗಿದ್ದ ದಿವಸ ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದವರು ಏನೆಂದರು, ಯಾರು ತಲೆದೂಗಿದರು, ಯಾರು ಮೂಗು ಮುರಿದರು ಎಂಬುದು ಮಾತ್ರ ದೊರೆಯುವುದು ಅಪೂರ್ವ. ಆದರೆ ಇಂದು ಪ್ರಾಚೀನವೆಂದು ಲೋಕವು ಕೈಮುಗಿಯುವ ಪ್ರತಿಯೊಂದು ಹಾಡೂ ಒಂದು ದಿನ ಹೊಸದಾಗಿಯೇ ಇದ್ದಿತು. ಅಂದಿನ ಕೇಳುಗರೆಲ್ಲರೂ ಅದನ್ನು ತಳ್ಳಿಬಿಟ್ಟಿದ್ದರೆ ಅದು ಹಳೆಯದಾಗುವವರೆಗೆ ಉಳಿಯುತ್ತಲೇ ಇರಲಿಲ್ಲ.

ಈ ವಿಷಯವನ್ನು ವಿಚಾರಿಸುವುದಕ್ಕೆ ತುರ್ವಿಹಾಳದ ಸುತ್ತಣ ಸೀಮೆಗಿಂತ ಯೋಗ್ಯವಾದ ನೆಲವು ದುರ್ಲಭ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗೆ ಶಾಸನಗಳಲ್ಲಿ ಎಡೆದೊರೆಯೆಂದು ಹೆಸರು. ಉತ್ತರಕ್ಕೆ ಅಶೋಕನ ಹೆಸರನ್ನೇ ಹೊತ್ತ ಶಿಲಾಲೇಖವು 1915ರಲ್ಲಿ ಬೆಳಕಿಗೆ ಬಂದ ಮಸ್ಕಿ, ಪೂರ್ವಕ್ಕೆ ಸಿಂಧನೂರು, ಅದರಾಚೆಗೆ ದಾಸರ ಮಾನ್ವಿ, ವಾಯವ್ಯಕ್ಕೆ ಮುದಗಲ್ಲು, ನೈಋತ್ಯಕ್ಕೆ ಕೊಪ್ಪಳ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಮೇರೆಯನ್ನು ಹೇಳುವಾಗ ಈ ಕೊಪ್ಪಳವನ್ನೇ ಮಹಾಕೊಪಣವೆಂದು ಎಣಿಸಿದೆ. ಕನ್ನಡ ಜನರು ಗ್ರಂಥವನ್ನು ಓದದೆಯೂ ಕಾವ್ಯದಲ್ಲಿ ನಿಪುಣರೆಂದು ಆ ಗ್ರಂಥವು ಹೊಗಳಿದ ಮಾತು ಸರ್ವರಿಗೂ ಪರಿಚಿತವಾದುದು. ಅದರ ಬಳಿಯಲ್ಲಿಯೇ ಇರುವ ಇನ್ನೊಂದು ಮಾತನ್ನು ಎತ್ತಿ ಹೇಳುವವರು ಕಡಿಮೆ. ಜಾಣರಲ್ಲದವರೂ ಬಲ್ಲವರಂತೆ ಕೃತಿಗಳಲ್ಲಿ ದೋಷವನ್ನು ಬಿಡದೆ ಹಿಡಿಯುವರೆಂಬುದೇ ಆ ಮಾತು. ಹೊಗಳಿಕೆಯೂ ಎಚ್ಚರಿಕೆಯೂ ಒಂದೇ ಉಸಿರಿನಲ್ಲಿ ಬಂದಿರುವುವು. ಕೇಳುಗನ ತೀರ್ಪಿನ ಬಲವೂ ದೌರ್ಬಲ್ಯವೂ ಸಾವಿರ ವರ್ಷಗಳ ಹಿಂದೆಯೇ ಈ ಸೀಮೆಯವರಿಗೆ ತಿಳಿದಿದ್ದಿತೆಂದಾಯಿತು.

ಶಾಸ್ತ್ರಕಾರರು ಕೇಳುಗನನ್ನು ಉಪೇಕ್ಷಿಸಿದವರಲ್ಲ. ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರೇಕ್ಷಕನ ಲಕ್ಷಣವನ್ನು ಹೇಳಿ, ವಿವಾದವುಂಟಾದಾಗ ತೀರ್ಮಾನಿಸತಕ್ಕ ಪ್ರಾಶ್ನಿಕರನ್ನೂ ಹೆಸರಿಸಿದ್ದಾನೆ. ಶಬ್ದದ ವಿಷಯಕ್ಕೆ ವೈಯಾಕರಣ, ವೃತ್ತಕ್ಕೆ ಛಂದೋಜ್ಞ, ಸ್ವರತಾಳಗಳಿಗೆ ಗಾಂಧರ್ವವನ್ನು ಬಲ್ಲವನು, ನೇಪಥ್ಯಕ್ಕೆ ಚಿತ್ರಕಾರ. ಹೀಗೆ ಒಬ್ಬೊಬ್ಬನಿಗೆ ಒಂದೊಂದು ಅಧಿಕಾರ. ತರುಣರು ಒಂದನ್ನು ಮೆಚ್ಚಿದರೆ ವೃದ್ಧರು ಮತ್ತೊಂದನ್ನು ಮೆಚ್ಚುವರೆಂಬುದನ್ನೂ ಮುನಿಯು ಮರೆತಿಲ್ಲ. ಅದಕ್ಕಾಗಿ ಯಾರನ್ನೂ ನಿಂದಿಸಿಯೂ ಇಲ್ಲ. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು (1126–1138) ತನ್ನ ‘ಮಾನಸೋಲ್ಲಾಸ’ದಲ್ಲಿ ಗೀತವನ್ನು ರಾಜನ ವಿನೋದಗಳೊಳಗೆ ಸೇರಿಸಿ, ದೇಶಭಾಷೆಗಳ ಹಾಡುಗಳಿಗೂ ಎಡೆಕೊಟ್ಟನು. ಮುಂದಿನ ಶತಮಾನದಲ್ಲಿ ದೇವಗಿರಿಯ ಆಸ್ಥಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕನ ಗುಣದೋಷಗಳನ್ನು ಒಂದೊಂದಾಗಿ ಪಟ್ಟಿಮಾಡಿದನು. ಮೆಚ್ಚುವವನಾಗಲಿ ಜರೆಯುವವನಾಗಲಿ ಇಂತಹ ಗುಣವೆಂದೋ ಇಂತಹ ದೋಷವೆಂದೋ ಹೆಸರಿಟ್ಟು ಹೇಳಬೇಕೆಂಬುದು ಇವುಗಳ ಫಲಿತಾರ್ಥ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬಷ್ಟು ಮಾತ್ರ ಶಾಸ್ತ್ರದ ದೃಷ್ಟಿಯಲ್ಲಿ ತೀರ್ಪೇ ಅಲ್ಲ.

ಆದರೆ ಶಾಸ್ತ್ರವನ್ನು ಬಲ್ಲವನೇ ಹೊಸ ಹಾಡಿನ ಮುಂದೆ ಎಡವಿದ ಕಥೆಯೂ ಈ ಸೀಮೆಯದೇ. ಮಾನ್ವಿಯ ಸಮೀಪದ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು (1682–1755) ಪುರಂದರದಾಸರ ಮಾರ್ಗವನ್ನು ಹಿಡಿದು ಕನ್ನಡದಲ್ಲಿ ಪದಗಳನ್ನೂ ಸುಳಾದಿಗಳನ್ನೂ ರಚಿಸುತ್ತಿದ್ದ ಕಾಲ. ತಂಬೂರಿ ತಾಳಗಳೊಡನೆ ಊರೂರು ತಿರುಗುವ ಆ ಹಾಡುಗಳು ಅಂದಿಗೆ ಹೊಚ್ಚ ಹೊಸವು. ಬ್ಯಾಗವಾಟದಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರೆಂಬ ಪಂಡಿತರು ನ್ಯಾಯವೇದಾಂತಗಳಲ್ಲಿ ಪಾರಂಗತರು. ವಿದ್ವತ್ಸಭೆಗಳಲ್ಲಿ ಮನ್ನಣೆ ಪಡೆದವರು. ವೇದಾಂತದ ತತ್ತ್ವವನ್ನು ಕನ್ನಡದಲ್ಲಿ, ಅದೂ ತಾಳ ಹಾಕಿಕೊಂಡು ಹಾಡುವುದು ಅವರಿಗೆ ಹಗುರವಾಗಿ ಕಂಡಿತು. ವಿಜಯದಾಸರು ಪ್ರಸಾದಕ್ಕೆ ಕರೆದಾಗ ದೇಹಾಲಸ್ಯದ ನೆವವನ್ನು ಹೇಳಿ ತಪ್ಪಿಸಿಕೊಂಡರೆಂದೂ, ಆ ನೆವವೇ ನಿಜವಾದ ಉದರವ್ಯಾಧಿಯಾಗಿ ಅವರನ್ನು ಕಾಡಿತೆಂದೂ ಸಂಪ್ರದಾಯವು ಹೇಳುತ್ತದೆ. ಕಡೆಗೆ ಅವರು ವಿಜಯದಾಸರಲ್ಲಿಯೇ ಶರಣು ಹೋಗಲು, ಅವರು ತಮ್ಮ ಶಿಷ್ಯರಾದ ಮೊಸರುಕಲ್ಲಿನ ಗೋಪಾಲದಾಸರ ಬಳಿಗೆ ಕಳುಹಿಸಿದರಂತೆ. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ದಾನಮಾಡಿ ಪಂಡಿತರನ್ನು ಉಳಿಸಿದರೆಂಬುದು ಭಕ್ತರ ನಂಬಿಕೆ.

ವ್ಯಾಧಿಯ ಕಥೆಯನ್ನು ನಂಬುವುದೂ ಬಿಡುವುದೂ ವಾಚಕರ ಶ್ರದ್ಧೆಗೆ ಸೇರಿದುದು. ಚರಿತ್ರೆಗೆ ಬೇಕಾದ ಸಂಗತಿ ಅದರಿಂದಾಚೆಗೆ ಇದೆ. ಶ್ರೀನಿವಾಸಾಚಾರ್ಯರು ಕನ್ನಡ ಪದವನ್ನು ಅಲ್ಲಗಳೆದುದು ಅದರಲ್ಲಿ ಶಬ್ದದೋಷವನ್ನೋ ತಾಳಭಂಗವನ್ನೋ ಕಂಡುಹಿಡಿದಲ್ಲ, ಅದು ಕನ್ನಡವೆಂಬುದಕ್ಕಾಗಿ. ಕೇಳುವುದಕ್ಕೆ ಮುಂಚೆಯೇ ತೀರ್ಪು ಆಗಿಹೋಗಿದ್ದಿತು. ಕೇಳಿದ ಬಳಿಕ ಏನಾಯಿತೆಂಬುದನ್ನು ಕರ್ಣಾಟಕವೆಲ್ಲ ಬಲ್ಲದು. ಆ ಪಂಡಿತರೇ ಜಗನ್ನಾಥದಾಸರಾಗಿ (1728–1809), ಭಾಮಿನೀ ಷಟ್ಪದಿಯಲ್ಲಿ 32 ಸಂಧಿಗಳ ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲಿ ರಚಿಸಿದರು. ಕನ್ನಡವೆಂದು ತಿರಸ್ಕರಿಸಿದವರ ಕನ್ನಡ ಕೃತಿಗೆ ಮುಂದೆ ಸಂಸ್ಕೃತದಲ್ಲಿಯೇ ವ್ಯಾಖ್ಯಾನಗಳು ಹುಟ್ಟಿದುವು. ಕಾಲಪುರುಷನ ಹಾಸ್ಯಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವು ಬೇಕಿಲ್ಲ.

ಆ ಹಾಡುಗಳು ಉಳಿದುದು ಕೇವಲ ಪಂಡಿತರ ಒಪ್ಪಿಗೆಯಿಂದಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆಯೂ, ಹಸೆಮಣೆಯ ಬಳಿಯೂ, ತೊಟ್ಟಿಲ ಪಕ್ಕದಲ್ಲಿಯೂ ಹಾಡಿದ ಹೆಂಗಸರು ಯಾವ ಪದ ಬಾಯಿಗೆ ಒಗ್ಗುವುದು, ಯಾವುದು ಒಗ್ಗದೆಂಬುದನ್ನು ನಿತ್ಯವೂ ತೀರ್ಮಾನಿಸಿದರು. ಒಗ್ಗಿದುದು ಮಗಳಿಗೆ ಬಂದಿತು, ಸೊಸೆಗೆ ಬಂದಿತು. ಒಗ್ಗದುದು ಅಲ್ಲಿಯೇ ನಿಂತಿತು. ಲಿಂಗಸುಗೂರಿನ ಪ್ರಾಣೇಶದಾಸರು ಈ ಪರಂಪರೆಯನ್ನು ಮುಂದುವರಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಲಿಂಗಸುಗೂರಿನಿಂದ ಗೊರೆಬಾಳ ಹನುಮಂತರಾಯರು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಕೃತಿಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಆ ಸಂಪುಟಗಳ ಹಿಂದೆ ಹೆಸರಿಲ್ಲದ ಎಷ್ಟೋ ಕೇಳುಗರ ಆಯ್ಕೆ ಅಡಗಿರುವುದು.

ದಾಸರ ಪದಕ್ಕೆ ಮನೆಯೇ ಸಭೆಯಾದರೆ ಲಾವಣಿಗೆ ಬಯಲೇ ಸಭೆ. ಹರದೇಶಿ ನಾಗೇಶಿಗಳ ಗೀಗೀ ಮೇಳಗಳಲ್ಲಿ ಒಬ್ಬರು ಗಂಡು ಹೆಚ್ಚೆನ್ನುವರು, ಇನ್ನೊಬ್ಬರು ಹೆಣ್ಣು ಹೆಚ್ಚೆನ್ನುವರು. ಸವಾಲು ಜವಾಬುಗಳು ಬೆಳಗಿನ ಜಾವದವರೆಗೂ ನಡೆಯುವುವು. ಮುದಗಲ್ಲಿನ ಮೊಹರಮ್ ಪ್ರಸಿದ್ಧವಾದುದು. ಈ ಭಾಗದಲ್ಲೆಲ್ಲ ಆ ಹಬ್ಬಕ್ಕೆ ಹಾಡುವ ಕನ್ನಡ ರಿವಾಯತ್ ಪದಗಳನ್ನು ಹಿಂದುಗಳೂ ಮುಸಲ್ಮಾನರೂ ಕೂಡಿಯೇ ಹಾಡುವರು. ಇಂತಹ ಮೇಳಗಳಲ್ಲಿ ಪದ ಕಟ್ಟಿದವನು ಎದುರಿಗೇ ನಿಂತಿರುವನು. ಕೇಳುವವನು ಅವನ ಮುಖವನ್ನು ನೋಡಿಕೊಂಡೇ ಹೇಳಬೇಕು. ಪ್ರಾಸ ತಪ್ಪಿದರೆ, ಪುರಾಣದ ಸಂಗತಿ ತಪ್ಪಿದರೆ, ಸವಾಲಿಗೆ ಸರಿಯಾದ ಜವಾಬು ಬಾರದಿದ್ದರೆ, ಅಕ್ಷರವನ್ನರಿಯದ ರೈತನೂ ಎದ್ದು ನಿಂತು ಕೇಳುವನು. ಕಾರಣವಿಲ್ಲದೆ ಕೂಗಿದವನನ್ನು ಪಕ್ಕದವನೇ ಕುಳ್ಳಿರಿಸುವನು. ಭರತನ ಪ್ರಾಶ್ನಿಕನು ಕಂಬಳಿ ಹೊದ್ದು ಬಂದಂತೆಯೇ ಇದು.

ಮುಖಾಮುಖಿಯಾದ ಈ ಪದ್ಧತಿಯನ್ನು ಬದಲಾಯಿಸಿದುದು ಯಂತ್ರ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನಳ ಕಂಠವು ಗ್ರಾಮಫೋನ್ ತಟ್ಟೆಗೆ ಇಳಿಯಿತು. ತಟ್ಟೆಗಳು ಆಗ ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರಬೇಕಾಗಿದ್ದಿತು. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರ್ಖಾನೆಯಾಯಿತು. ಆ ಗೌಹರ್ ಜಾನಳೇ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಉತ್ತರ ಕರ್ಣಾಟಕದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಅಮೀರಬಾಯಿ ಕರ್ನಾಟಕಿ ಮೊದಲಾದವರ ತಟ್ಟೆಗಳು ಊರೂರಿಗೆ ಬಂದುವು. ಜನರು ಅವನ್ನು ಪ್ಲೇಟುಗಳೆಂದು ಕರೆದರು. ಸಭೆಯಲ್ಲಿ ಒಂದು ಗಂಟೆ ಬೆಳೆಯುತ್ತಿದ್ದ ರಾಗವು ಸುಮಾರು ಮೂರು ನಿಮಿಷಗಳಲ್ಲಿ ಮುಗಿಯತಕ್ಕದ್ದಾಯಿತು. ರಾಗದ ಕತ್ತು ಹಿಸುಕಿದಂತಾಯಿತೆನ್ನುವುದಕ್ಕೂ, ಸಾರವಷ್ಟೇ ಉಳಿಯಿತೆನ್ನುವುದಕ್ಕೂ ಅದರಲ್ಲಿ ಸಮನಾದ ಕಾರಣವಿದ್ದಿತು.

ಆದರೆ ಪ್ಲೇಟು ಕೇಳುಗನಿಗೆ ಹಿಂದೆಂದೂ ಇರದ ಒಂದು ಶಕ್ತಿಯನ್ನು ಕೊಟ್ಟಿತೆಂಬುದನ್ನು ಮರೆಯಲಾಗದು. ಹಾಡುವವನ ಮುಂದೆ ಕುಳಿತವನು ದಾಕ್ಷಿಣ್ಯಕ್ಕಾಗಿ ಭಲೇ ಎನ್ನಬಹುದು, ಪ್ಲೇಟಿಗೆ ದಾಕ್ಷಿಣ್ಯವಿಲ್ಲ. ಅದನ್ನು ಮತ್ತೆ ಹಾಕಿಸಬಹುದು, ಇನ್ನೊಂದರೊಡನೆ ಹೋಲಿಸಬಹುದು. ಮೊದಲನೆಯ ಸಲ ಕಿವಿಗೆ ಕಟುವಾದುದು ಹತ್ತನೆಯ ಸಲಕ್ಕೆ ಹಿತವಾಗಬಹುದು. ಮೊದಲು ಮೋಹಗೊಳಿಸಿದುದು ಆಮೇಲೆ ಟೊಳ್ಳಾಗಿ ಕೇಳಬಹುದು. ಜೊತೆಯಲ್ಲಿಯೇ ಒಂದು ನಷ್ಟವೂ ಆಯಿತು. ಕಂಪನಿಗೆ ಬೇಕಾದುದು ಎಷ್ಟು ಪ್ಲೇಟು ಖರ್ಚಾದುವೆಂಬ ಲೆಕ್ಕ. ಏಕೆ ಖರ್ಚಾದುವೆಂಬ ವಿವರಣೆಯಲ್ಲ. ತೀರ್ಪು ಮೊಟ್ಟಮೊದಲಿಗೆ ಅಂಕಿಯ ರೂಪವನ್ನು ತಾಳಿತು.

ಆಕಾಶವಾಣಿಯು ಬಂದ ಮೇಲೆ ಈ ಅಂಕಿಯೇ ಒಂದು ಉತ್ಸವವಾಯಿತು. 1948ರ ಸೆಪ್ಟೆಂಬರಿನವರೆಗೆ ರಾಯಚೂರು ಸೀಮೆಯು ನಿಜಾಮರ ಆಳಿಕೆಯಲ್ಲಿದ್ದುದರಿಂದ ಶಾಲೆ ಕಚೇರಿಗಳ ಉರ್ದೂ ಈ ಜನರ ಕಿವಿಗೆ ಪರಕೀಯವಾಗಿರಲಿಲ್ಲ. 1950ರಲ್ಲಿ ಧಾರವಾಡದ ನಿಲಯವು ಆರಂಭವಾಯಿತು, 1966ರಲ್ಲಿ ಕಲಬುರಗಿಯದು. 1952ರಲ್ಲಿ ಸರಕಾರದ ಆಕಾಶವಾಣಿಯು ಚಲಚ್ಚಿತ್ರದ ಹಾಡುಗಳನ್ನು ಹಗುರವೆಂದು ದೂರವಿಡತೊಡಗಲು, ಕೇಳುಗರು ಸಿಲೋನಿನ ಕಡೆಗೆ ತಿರುಗಿದರು. ಅದೇ ವರ್ಷದ ಕೊನೆಯಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ಮೊದಲಲ್ಲಿ ಏಳು ಹಾಡುಗಳನ್ನು ಕ್ರಮವಿಲ್ಲದೆ ಕೇಳಿಸಿ, ಅವುಗಳ ತಾರತಮ್ಯವನ್ನು ಕೇಳುಗರೇ ಬರೆದು ಕಳುಹಿಸಬೇಕೆಂಬ ಏರ್ಪಾಡು. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರಗಳು ಬಂದುವೆಂದೂ, ಮುಂದೆ ಅದು ವಾರಕ್ಕೆ 65,000ಕ್ಕೆ ಏರಿತೆಂದೂ ಸಯಾನಿಯವರು ಹೇಳಿರುವರು. ಪತ್ರದ ಹೊರೆ ತಡೆಯಲಾರದೆ ಆಮೇಲೆ ಪ್ಲೇಟುಗಳ ಮಾರಾಟವನ್ನೂ ಊರೂರಿನ ಶ್ರೋತೃಸಂಘಗಳ ಅಭಿಪ್ರಾಯವನ್ನೂ ಆಧರಿಸಿ ಹಾಡುಗಳಿಗೆ ಪಾಯರಿ ಕಟ್ಟಲಾಯಿತು. ದೂರವಿಟ್ಟವರೇ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ಸ್ಥಾಪಿಸಿ ಅದೇ ಹಾಡುಗಳಿಗೆ ಬಾಗಿಲು ತೆರೆದರು. ಶ್ರೀನಿವಾಸಾಚಾರ್ಯರ ಕಥೆಯು ಎರಡನೆಯ ಸಲ, ಈ ಸಲ ದಿಲ್ಲಿಯಲ್ಲಿ, ನಡೆದಂತಾಯಿತು.

ಇತ್ತ ಮಾನ್ವಿ ಸೀಮೆಯ ಜಂಬಲದಿನ್ನಿಯಲ್ಲಿ 1918ರಲ್ಲಿ ಹುಟ್ಟಿದ ಸಿದ್ಧರಾಮ ಜಂಬಲದಿನ್ನಿಯವರು ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಹೆಸರಾದರು. ರಾಯಚೂರಿನ ರಂಗಮಂದಿರವು ಇಂದು ಅವರ ಹೆಸರನ್ನೇ ಹೊತ್ತಿದೆ. ವಚನವು ಗಣನಿಯಮವಿಲ್ಲದ ನುಡಿ. ಅದನ್ನು ತಾಳಕ್ಕೆ ಕೂಡಿಸುವಾಗ ಪದವನ್ನು ಎಲ್ಲಿ ಒಡೆಯಬೇಕು, ರಾಗವನ್ನು ಬೆಳೆಸುತ್ತ ಹೋದರೆ ಅರ್ಥವು ಹಿಂದೆ ಬೀಳದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುವುದು. ಇದು ಕಾರಣವುಳ್ಳ ಪ್ರಶ್ನೆ. ಹೊಸತಾದುದರಿಂದ ಬೇಡವೆಂಬ ಮಾತಲ್ಲ. ಇಂತಹ ಪ್ರಶ್ನೆಗೆ ಗಾಯಕನು ಹಾಡಿಯೇ ಉತ್ತರ ಹೇಳಬೇಕಾಗುವುದು. ಉತ್ತರ ಹೇಳುತ್ತ ಹೇಳುತ್ತ ಒಂದು ಶೈಲಿಯೇ ಸಿದ್ಧವಾಗುವುದು. ಒಳ್ಳೆಯ ಕೇಳುಗನು ಗಾಯಕನಿಗೆ ಎರಡನೆಯ ಗುರುವೆಂದರೆ ಅತಿಶಯೋಕ್ತಿಯಲ್ಲ.

ಇಂದು ಪ್ಲೇಟೂ ಇಲ್ಲ, ಧ್ವನಿಸುರುಳಿಯೂ ಇಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯ ಬದಿಯಲ್ಲಿ ಭತ್ತದ ಗದ್ದೆಗೆ ನೀರು ಕಟ್ಟುವ ಹುಡುಗನ ಕಿಸೆಯೊಳಗಿನ ಮೊಬೈಲಿನಲ್ಲಿ ಬೆಂಗಳೂರಿನ ಹೊಸ ಹಾಡು ಹೊರಬಂದ ದಿವಸವೇ ಮೊಳಗುತ್ತದೆ. ಕಂಪನಿಯ ಹಂಗಿಲ್ಲದೆ, ಚಲಚ್ಚಿತ್ರದ ಹಂಗೂ ಇಲ್ಲದೆ ತಾವೇ ಹಾಡು ಕಟ್ಟಿ ಹೊರಡಿಸುವ ತರುಣರು ಹೆಚ್ಚಾಗಿರುವರು. 2008ರಲ್ಲಿ ಹೊರಬಂದ ರಘು ದೀಕ್ಷಿತರ ಗೀತಗುಚ್ಛದಲ್ಲಿ ಶಿಶುನಾಳ ಷರೀಫರ (1819–1889) ಗುಡುಗುಡಿಯ ಪದವು ಗಿಟಾರಿನೊಡನೆ ಮೊಳಗಿತು. ತತ್ತ್ವಪದವನ್ನು ಹೀಗೆ ಹಾಡಬಹುದೇ ಎಂಬ ಮಾತಿಗೂ ಅದು ಎಡೆಗೊಟ್ಟಿತು. ಷರೀಫರ ಪದವು ಅವರ ಕಾಲದಲ್ಲಿ ಏಕತಾರಿಯೊಡನೆ ಬಂದ ಹೊಸ ಹಾಡೇ ಆಗಿದ್ದಿತೆಂಬುದನ್ನು ನೆನೆದರೆ ಆ ಪ್ರಶ್ನೆಯ ಬಿರುಸು ತಗ್ಗುವುದು. ಪ್ರಶ್ನೆಯನ್ನು ಕೇಳಬಾರದೆಂದಲ್ಲ, ಹೊಸ ಮಟ್ಟಿನಲ್ಲಿ ಪದದ ಒಳಗುಟ್ಟು ಉಳಿಯಿತೇ ಎಂದು ಕೇಳಬೇಕು, ಗಿಟಾರು ಏಕೆಂದಲ್ಲ.

ಇಂದಿನ ಅಪಾಯವು ಎರಡು ಬಗೆಯದು. ಹಿರಿಯರು ಹಾಡನ್ನು ಪೂರ್ಣವಾಗಿ ಕೇಳದೆಯೇ ಇದು ಹಾಡಲ್ಲವೆನ್ನುವರು. ಅದು ಮಾನ್ವಿಯ ಪಂಡಿತರ ಮೊದಲನೆಯ ತೀರ್ಪು. ಕಿರಿಯರು ಇಷ್ಟು ಲಕ್ಷ ಜನರು ಕೇಳಿದ್ದಾರೆ, ಆದುದರಿಂದ ಇದು ಶ್ರೇಷ್ಠವೆನ್ನುವರು. ಅದು ಪ್ಲೇಟು ಕಂಪನಿಯ ತೀರ್ಪು. ಒಬ್ಬರಲ್ಲಿ ಕಿವಿಯಿಲ್ಲ, ಮತ್ತೊಬ್ಬರಲ್ಲಿ ಕಾರಣವಿಲ್ಲ. ಇವೆರಡರ ನಡುವೆ ಬಡವಾಗುವುದು ಹಾಡಲ್ಲ, ಹಾಡನ್ನು ಕುರಿತು ಒಬ್ಬರೊಡನೊಬ್ಬರು ಮಾತಾಡುವ ಅಭ್ಯಾಸ. ಅದು ನಿಂತರೆ ಒಂದೇ ಮನೆಯಲ್ಲಿ ಅಜ್ಜನ ಹಾಡು ಬೇರೆ, ಮೊಮ್ಮಗನ ಹಾಡು ಬೇರೆಯಾಗಿ, ನಡುವೆ ಗೋಡೆ ಏಳುವುದು.

ಗೋಡೆಯನ್ನು ಕೆಡವುವುದಕ್ಕೆ ದೊಡ್ಡ ಸಾಧನವೇನೂ ಬೇಕಾಗಿಲ್ಲ. ಜಿಲ್ಲೆಯ ಸಾಹಿತ್ಯ ಸಂಘಗಳು ತಿಂಗಳಿಗೊಂದು ಸಂಜೆ ಹಳೆಯ ಪದವೊಂದನ್ನೂ ಆ ತಿಂಗಳ ಹೊಸ ಹಾಡೊಂದನ್ನೂ ಒಟ್ಟಿಗೆ ಕೇಳಿಸಿ, ಮೆಚ್ಚಿದವನೂ ಮೆಚ್ಚದವನೂ ಕಾರಣವನ್ನು ಹೇಳತಕ್ಕದ್ದೆಂಬ ಒಂದೇ ನಿಯಮವನ್ನಿಟ್ಟರೆ ಸಾಕು. ಶಬ್ದವನ್ನು ಬಲ್ಲವನು ಶಬ್ದವನ್ನು ಹೇಳಲಿ, ತಾಳವನ್ನು ಬಲ್ಲವನು ತಾಳವನ್ನು ಹೇಳಲಿ, ಏನನ್ನೂ ಓದದ ಮುದುಕಿಯು ಅದು ತನ್ನ ಬಾಯಿಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಹೇಳಲಿ. ಹಾಡನ್ನು ಕೊನೆಯವರೆಗೆ ಕೇಳಿದ ಮೇಲೆಯೇ ಈ ಮಾತುಗಳೆಲ್ಲ ಹೊರಡಲಿ. ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದುದು ಕೊನೆಯವರೆಗೆ ಕೇಳಿದ ಬಳಿಕವೇ.