ತಂಡ ಬದಲಿಸಿದ ಆಟಗಾರನಿಗೆ ಅಂಕ ಹೆಚ್ಚುತ್ತದೆಯೇ? ಫ್ಯಾಂಟಸಿ ಆಟದ ಒಂದು ನಂಬಿಕೆ ಮತ್ತು ಅದರ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಎತ್ತಿನ ಗಾಡಿ ಶರ್ಯತ್ತು ನೋಡಿದವರಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಿಲ್ಲ. ಎತ್ತು ಎಷ್ಟೇ ಚುರುಕಾಗಿರಲಿ, ಜೋಡಿ ಹೊಂದದಿದ್ದರೆ ಗಾಡಿ ಮುಂದೆ ಹೋಗುವುದಿಲ್ಲ. ಹೋದ ವರ್ಷ ಗೆದ್ದ ಎತ್ತನ್ನು ಈ ವರ್ಷ ಬೇರೆ ಎತ್ತಿನ ಜೊತೆ ನೊಗಕ್ಕೆ ಕಟ್ಟಿದರೆ, ಹಳೆಯ ಗೆಲುವು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಮೊಬೈಲಿನಲ್ಲಿ ಫ್ಯಾಂಟಸಿ ತಂಡ ಕಟ್ಟುವಾಗ ಮಾತ್ರ ಇದೇ ಮಾತನ್ನು ನಾವು ಮರೆತುಬಿಡುತ್ತೇವೆ. ಆಟಗಾರ ದೊಡ್ಡ ತಂಡಕ್ಕೆ ಹೋದ ಸುದ್ದಿ ಬಂದರೆ ಸಾಕು, ‘ಇನ್ನು ಇವನ ಅಂಕ ಏರುತ್ತದೆ’ ಎಂದು ಅವನನ್ನು ಆರಿಸುತ್ತೇವೆ. ಈ ನಂಬಿಕೆ ಎಷ್ಟು ನಿಜ? ಕಬಡ್ಡಿಯ ಒಂದು ಮತ್ತು ಅಮೆರಿಕನ್ ಫುಟ್‌ಬಾಲಿನ ಒಂದು ಉದಾಹರಣೆಯಿಂದ ನೋಡೋಣ.

ಮೊದಲು ನಮಗೆ ಗೊತ್ತಿರುವ ಕಬಡ್ಡಿ

ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್ ತಂಡದಲ್ಲಿ 2018ರ ಸೀಸನ್‌ನಲ್ಲಿ 271 ರೇಡ್ ಅಂಕ, 2019ರಲ್ಲಿ 346 ರೇಡ್ ಅಂಕ ಗಳಿಸಿದರು. 2019ರಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ರೇಡ್ ಅಂಕ ತಂದರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಸೀಸನ್‌ನಿಂದ ಹೊರಬಿದ್ದರು. ಅವರು ಮಾಡಬೇಕಿದ್ದ ರೇಡ್‌ಗಳು ಬೇರೆಯವರ ಪಾಲಾದವು. ಅದೇ ತಂಡದ ಯುವಕ ನರೇಂದರ್ 243 ರೇಡ್ ಅಂಕ ಗಳಿಸಿದರು, ತಂಡ ಸೆಮಿಫೈನಲ್ ತಲುಪಿತು.

ಮುಂದಿನ ಸೀಸನ್‌ನಲ್ಲಿ ಪವನ್ ತೆಲುಗು ಟೈಟನ್ಸ್ ಸೇರಿದರು. ಆ ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಹಾಗಿದ್ದರೂ ಪವನ್ 200ಕ್ಕೂ ಹೆಚ್ಚು ರೇಡ್ ಅಂಕ ಗಳಿಸಿದರು. ಸೋಲುವ ತಂಡದಲ್ಲೂ ಅಂಕ ಬರುತ್ತದೆ, ಏಕೆಂದರೆ ಅಲ್ಲಿ ರೇಡಿಗೆ ಹೋಗುವವರು ಅವರೇ. ಫ್ಯಾಂಟಸಿ ಅಂಕ ಮೊದಲು ಕೇಳುವುದು ತಂಡ ಎಷ್ಟು ದೊಡ್ಡದು ಎಂದಲ್ಲ, ಆಟಗಾರನಿಗೆ ಎಷ್ಟು ಅವಕಾಶ ಸಿಗುತ್ತದೆ ಎಂದು.

ಸೀಸನ್ ನಡುವೆ ತಂಡ ಬದಲಾದರೆ?

ಪವನ್ ತಂಡ ಬದಲಿಸಿದ್ದು ಸೀಸನ್ ಆರಂಭಕ್ಕೆ ಮುಂಚೆ. ಅಮೆರಿಕದ ಎನ್‌ಎಫ್‌ಎಲ್ ಲೀಗಿನಲ್ಲಿ ಸೀಸನ್ ನಡೆಯುತ್ತಿರುವಾಗಲೇ, ಒಂದು ಗಡುವಿನೊಳಗೆ, ತಂಡಗಳು ಆಟಗಾರರನ್ನು ಬದಲಾಯಿಸಿಕೊಳ್ಳಬಹುದು. ಇದಕ್ಕೆ ಟ್ರೇಡ್ ಎನ್ನುತ್ತಾರೆ. ಅಮೆರಿಕದಲ್ಲಿರುವ ನಮ್ಮ ಕಡೆಯ ಮಕ್ಕಳು ಆಫೀಸಿನ ಗೆಳೆಯರ ಜೊತೆ ಫ್ಯಾಂಟಸಿ ಲೀಗ್ ಆಡುವಾಗ ತಲೆ ಕೆಡಿಸಿಕೊಳ್ಳುವುದು ಇಂಥ ಟ್ರೇಡ್ ಆದ ವಾರದಲ್ಲೇ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವನು. ವೈಡ್ ರಿಸೀವರ್ ಓಡಿಹೋಗಿ ಅದನ್ನು ಹಿಡಿಯುವವನು. ಅವನನ್ನು ಗುರಿಯಾಗಿಸಿ ಎಸೆದ ಪ್ರತಿ ಎಸೆತವೂ ಒಂದು ‘ಟಾರ್ಗೆಟ್’. ಕಬಡ್ಡಿಯಲ್ಲಿ ರೇಡಿನ ಅವಕಾಶವಿದ್ದಂತೆ ಇಲ್ಲಿ ಟಾರ್ಗೆಟ್. ಫ್ಯಾಂಟಸಿ ಆಟದ ಒಂದು ಸಾಮಾನ್ಯ ಪದ್ಧತಿಯಲ್ಲಿ ಪ್ರತಿ ಕ್ಯಾಚಿಗೆ 1 ಅಂಕ, ಪ್ರತಿ 10 ಗಜಕ್ಕೆ 1 ಅಂಕ, ಟಚ್‌ಡೌನಿಗೆ 6 ಅಂಕ.

ಒಬ್ಬನೇ ಆಟಗಾರ, ಎರಡು ಟ್ರೇಡ್

ಅಮಾರಿ ಕೂಪರ್ ಎಂಬ ರಿಸೀವರ್ ಎರಡು ಬಾರಿ ಸೀಸನ್ ನಡುವೆ ತಂಡ ಬದಲಿಸಿದರು. ಎರಡೂ ಸಲ ಆರು ಪಂದ್ಯ ಆಡಿದ ಮೇಲೆ, ಅಕ್ಟೋಬರ್ ತಿಂಗಳಲ್ಲೇ. ಫಲ ಮಾತ್ರ ಬೇರೆಬೇರೆ.

2018ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ಪರ 6 ಪಂದ್ಯಗಳಲ್ಲಿ 22 ಕ್ಯಾಚ್, 280 ಗಜ, 1 ಟಚ್‌ಡೌನ್. ಡಲ್ಲಾಸ್ ಕೌಬಾಯ್ಸ್ ಸೇರಿದ ಮೇಲೆ 9 ಪಂದ್ಯಗಳಲ್ಲಿ 53 ಕ್ಯಾಚ್, 725 ಗಜ, 6 ಟಚ್‌ಡೌನ್. ಮೇಲಿನ ಪದ್ಧತಿಯಲ್ಲಿ ಪಂದ್ಯಕ್ಕೆ ಸರಾಸರಿ 9.3 ಅಂಕ ಇದ್ದದ್ದು 17.9ಕ್ಕೆ ಏರಿತು.

2024ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪರ 6 ಪಂದ್ಯಗಳಲ್ಲಿ 24 ಕ್ಯಾಚ್, 250 ಗಜ, 2 ಟಚ್‌ಡೌನ್. ಬಫಲೋ ಬಿಲ್ಸ್ ಸೇರಿದ ಮೇಲೆ 8 ಪಂದ್ಯಗಳಲ್ಲಿ 20 ಕ್ಯಾಚ್, 297 ಗಜ, 2 ಟಚ್‌ಡೌನ್. ಸರಾಸರಿ 10.2 ಅಂಕ ಇದ್ದದ್ದು 7.7ಕ್ಕೆ ಇಳಿಯಿತು.

ವಿಚಿತ್ರವೆಂದರೆ ಎರಡನೇ ಸಲ ಅವರು ಹೋದದ್ದು ಹೆಚ್ಚು ಗೆಲ್ಲುವ ತಂಡಕ್ಕೆ. ಚೆಂಡು ಎಸೆಯುತ್ತಿದ್ದವರು ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ ಜಾಶ್ ಆ್ಯಲನ್. ಆದರೂ ಅಂಕ ಇಳಿದದ್ದೇಕೆ?

ಉತ್ತರ ಇರುವುದು ಅವಕಾಶದಲ್ಲಿ

2018ರಲ್ಲಿ ಡಲ್ಲಾಸ್ ತಂಡ ತನ್ನ ಹಳೆಯ ಮುಖ್ಯ ರಿಸೀವರ್ ಡೆಜ್ ಬ್ರಯಂಟ್ ಅವರನ್ನು ಏಪ್ರಿಲ್‌ನಲ್ಲೇ ಕೈಬಿಟ್ಟಿತ್ತು. ಆ ಜಾಗ ಖಾಲಿಯಿತ್ತು. ಕೂಪರ್ ಬಂದು ನಿಂತದ್ದು ಆ ಖಾಲಿ ಜಾಗದಲ್ಲಿ. ಪಂದ್ಯಕ್ಕೆ ಸುಮಾರು 5 ಇದ್ದ ಟಾರ್ಗೆಟ್ 8 ದಾಟಿತು.

2024ರಲ್ಲಿ ಇದಕ್ಕೆ ತದ್ವಿರುದ್ಧ. ಕ್ಲೀವ್‌ಲ್ಯಾಂಡ್‌ನಲ್ಲಿ 6 ಪಂದ್ಯಗಳಲ್ಲಿ 53 ಟಾರ್ಗೆಟ್, ಅಂದರೆ ಪಂದ್ಯಕ್ಕೆ ಸುಮಾರು 9. ಬಫಲೋದಲ್ಲಿ 8 ಪಂದ್ಯಗಳಲ್ಲಿ 32, ಪಂದ್ಯಕ್ಕೆ 4 ಮಾತ್ರ. ಬಫಲೋ ಚೆಂಡನ್ನು ಹಲವರಿಗೆ ಹಂಚುವ ತಂಡವಾಗಿತ್ತು. ಕೂಪರ್‌ಗೆ ಮಣಿಕಟ್ಟಿನ ನೋವೂ ಕಾಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಲೀವ್‌ಲ್ಯಾಂಡ್‌ನಲ್ಲಿ ಒಂದು ಟಾರ್ಗೆಟಿಗೆ 4.7 ಗಜ ಸಿಗುತ್ತಿತ್ತು. ಬಫಲೋದಲ್ಲಿ 9.3 ಗಜ. ಒಳ್ಳೆಯ ತಂಡ ಪ್ರತಿ ಎಸೆತದ ಫಲವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿತು, ಆದರೆ ಎಸೆತಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಎಕರೆಗೆ ಇಳುವರಿ ದುಪ್ಪಟ್ಟಾಗಿ ಹೊಲವೇ ಅರ್ಧಕ್ಕಿಂತ ಕಡಿಮೆಯಾದರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟನ್ ಹೆಚ್ಚುವುದಿಲ್ಲವಲ್ಲ? ಹಾಗೆಯೇ ಇದು. ‘ಒಳ್ಳೆಯ ತಂಡಕ್ಕೆ ಹೋದರೆ ಅಂಕ ಏರುತ್ತದೆ’ ಎನ್ನುವವರು ಇಳುವರಿಯನ್ನಷ್ಟೇ ನೋಡಿ ಹೊಲದ ಅಳತೆಯನ್ನು ಬಿಟ್ಟಿರುತ್ತಾರೆ.

ಸರಾಸರಿಯ ಮೋಸ

ಡಲ್ಲಾಸ್‌ನ 17.9 ಅಂಕದ ಸರಾಸರಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಅಲ್ಲಿನ 9 ಪಂದ್ಯಗಳಲ್ಲಿ ಒಂದರಲ್ಲಿ 217 ಗಜ, ಇನ್ನೊಂದರಲ್ಲಿ 180 ಗಜ ಬಂದಿದ್ದವು. ಈ ಎರಡನ್ನು ತೆಗೆದರೆ ಉಳಿದ 7 ಪಂದ್ಯಗಳ ಸರಾಸರಿ 47 ಗಜ. ರೈಡರ್ಸ್ ತಂಡದಲ್ಲಿ ಪಂದ್ಯಕ್ಕೆ ಬರುತ್ತಿದ್ದ ಸರಾಸರಿಯೂ 47 ಗಜವೇ!

ಹಾಗಾದರೆ ಏನೂ ಬದಲಾಗಲಿಲ್ಲವೇ? ಬದಲಾಯಿತು. ಹೋಲಿಕೆ ಸರಿಯಾಗಬೇಕಾದರೆ ರೈಡರ್ಸ್‌ನ ಎರಡು ದೊಡ್ಡ ಪಂದ್ಯಗಳನ್ನೂ ತೆಗೆಯಬೇಕು. ಅಲ್ಲಿ ಒಂದರಲ್ಲಿ 128, ಇನ್ನೊಂದರಲ್ಲಿ 116 ಗಜ ಬಂದಿದ್ದವು. ಅವನ್ನು ತೆಗೆದರೆ ಉಳಿದ 4 ಪಂದ್ಯಗಳಲ್ಲಿ ಸಿಕ್ಕಿದ್ದು ಒಟ್ಟು 36 ಗಜ, ಪಂದ್ಯಕ್ಕೆ 9. ಅಂದರೆ ಡಲ್ಲಾಸ್‌ನಲ್ಲಿ ಅವರ ಕೆಟ್ಟ ದಿನಗಳೂ ಮೊದಲಿನಷ್ಟು ಕೆಟ್ಟದಾಗಿರಲಿಲ್ಲ. ಫ್ಯಾಂಟಸಿ ಆಟಗಾರ ನೋಡಬೇಕಾದದ್ದು ಈ ತಳಮಟ್ಟವನ್ನು. ಮಿಂಚಿದ ದಿನ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ, ಸಾಧಾರಣ ದಿನ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

217 ಗಜದ ಪಂದ್ಯ ನೋಡಿ ಕೂಪರ್ ಅವರನ್ನು ದುಬಾರಿಗೆ ಪಡೆದವರಿಗೆ ಏನಾಯಿತು? ಮುಂದಿನ ಮೂರು ಪಂದ್ಯಗಳಲ್ಲಿ 32, 20, 31 ಗಜ. ಆಟಗಾರ ಸೋಮಾರಿಯಾದ ಎಂದಲ್ಲ, ದೃಷ್ಟಿ ತಗುಲಿತು ಎಂದೂ ಅಲ್ಲ. ಅಸಾಮಾನ್ಯ ಫಲಿತಾಂಶದ ಹಿಂದೆ ಕೌಶಲದ ಜೊತೆ ಅದೃಷ್ಟವೂ ಇರುತ್ತದೆ. ಮುಂದಿನ ಸಲ ಅದೇ ಅದೃಷ್ಟ ಜೊತೆಗೂಡುವ ಸಾಧ್ಯತೆ ಕಡಿಮೆ. ಹೀಗಾಗಿ ಫಲಿತಾಂಶ ಸರಾಸರಿಯ ಕಡೆಗೆ ಮರಳುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಹಿಂಚಲನೆ ಎನ್ನುತ್ತಾರೆ. 19ನೇ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಗುರುತಿಸಿದರು. ತುಂಬ ಎತ್ತರದ ತಂದೆತಾಯಿಗೆ ಹುಟ್ಟಿದ ಮಕ್ಕಳು ಸಾಮಾನ್ಯವಾಗಿ ಎತ್ತರವಾಗಿಯೇ ಇರುತ್ತಾರೆ, ಆದರೆ ಅಷ್ಟು ಎತ್ತರವಲ್ಲ.

ಹಾಗಾದರೆ ಬೆಲೆ ಕಟ್ಟುವುದು ಹೇಗೆ?

ಟ್ರೇಡ್ ಸುದ್ದಿ ಬಂದಾಗ ಈ ಐದು ಪ್ರಶ್ನೆ ಕೇಳಿಕೊಳ್ಳಿ.

1. ಹೊಸ ತಂಡದಲ್ಲಿ ಜಾಗ ಖಾಲಿ ಇದೆಯೇ? ಮುಖ್ಯ ರಿಸೀವರ್ ಹೋಗಿದ್ದರೆ ಅಥವಾ ಗಾಯಗೊಂಡಿದ್ದರೆ ಅವಕಾಶ ಹೆಚ್ಚು. ಮೂರ್ನಾಲ್ಕು ಜನ ಆಗಲೇ ಇದ್ದರೆ ಪಾಲು ಕಡಿಮೆ.

2. ಎಸೆಯುವವನು ಯಾರು? ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಪ್ರತಿ ಎಸೆತದ ಫಲ ಹೆಚ್ಚಿಸುತ್ತಾನೆ. ಎಸೆತಗಳ ಸಂಖ್ಯೆ ಹೆಚ್ಚುತ್ತದೆ ಎಂಬ ಖಾತರಿ ಇಲ್ಲ.

3. ಕಲಿಯಲು ಸಮಯ ಸಿಕ್ಕಿದೆಯೇ? ಪ್ರತಿ ತಂಡಕ್ಕೂ ತನ್ನದೇ ಸಂಕೇತ ಭಾಷೆ ಇರುತ್ತದೆ. 2018ರಲ್ಲಿ ಡಲ್ಲಾಸ್‌ಗೆ ಟ್ರೇಡ್ ಆದ ಕೂಡಲೇ ವಿರಾಮದ ವಾರ ಬಂದಿತ್ತು. ಕೂಪರ್‌ಗೆ ಹೊಸ ಪಾಠ ಕಲಿಯಲು ಎರಡು ವಾರ ಸಿಕ್ಕಿತು.

4. ಮೈಯಲ್ಲಿ ನೋವಿದೆಯೇ? ಪವನ್ ಅವರ ಮೊಣಕಾಲು, ಕೂಪರ್ ಅವರ ಮಣಿಕಟ್ಟು ಎರಡನ್ನೂ ನೆನಪಿಡಿ.

5. ಮೊದಲ ಪಂದ್ಯದಲ್ಲಿ ನಾವು ನೋಡುತ್ತಿರುವುದು ಅಂಕವನ್ನೋ, ಅವಕಾಶವನ್ನೋ? ಬಫಲೋ ಪರ ಕೂಪರ್ ಮೊದಲ ಪಂದ್ಯದಲ್ಲೇ 4 ಕ್ಯಾಚ್, 66 ಗಜ, ಒಂದು ಟಚ್‌ಡೌನ್ ತಂದರು. ನೋಡಲು ಚೆನ್ನಾಗಿತ್ತು. ಆದರೆ ಒಂದು ಟಚ್‌ಡೌನ್ ಆಕಸ್ಮಿಕವಾಗಿರಬಹುದು. ಎರಡು ಮೂರು ಪಂದ್ಯಗಳ ಟಾರ್ಗೆಟ್ ಎಣಿಕೆ ಹೆಚ್ಚು ನಂಬಲರ್ಹ.

ಉತ್ತರ ಸಿಕ್ಕ ಮೇಲೆ ಸರಳ ಗುಣಾಕಾರ ಮಾಡಿ. ಪಂದ್ಯಕ್ಕೆ ನಿರೀಕ್ಷಿತ ಟಾರ್ಗೆಟ್ 6, ಟಾರ್ಗೆಟಿಗೆ 8 ಗಜ ಎಂದುಕೊಂಡರೆ 48 ಗಜ, ಅಂದರೆ 4.8 ಅಂಕ. ಆರರಲ್ಲಿ ನಾಲ್ಕು ಕ್ಯಾಚ್ ಹಿಡಿದರೆ ಇನ್ನೂ 4. ಒಟ್ಟು ಸುಮಾರು 9 ಅಂಕ, ಟಚ್‌ಡೌನ್ ಬಂದರೆ ಲಾಭ. ಸುದ್ದಿಯ ಅಬ್ಬರಕ್ಕಿಂತ ಈ ಚೀಟಿ ಲೆಕ್ಕ ಹೆಚ್ಚು ಪ್ರಾಮಾಣಿಕ.

ಲೆಕ್ಕ ಗೊತ್ತಿದ್ದರೆ ಹಣ ಹಾಕಬಹುದೇ?

ಬೇಡ. ಎಚ್ಚರಿಕೆಯಿಂದ ಲೆಕ್ಕ ಹಾಕಿದರೂ 2018ರಲ್ಲಿ 217 ಗಜ ಬರುವ ದಿನವನ್ನಾಗಲಿ, 20 ಗಜ ಬರುವ ದಿನವನ್ನಾಗಲಿ ಮುಂಚಿತವಾಗಿ ಹೇಳಲು ಸಾಧ್ಯವಿರಲಿಲ್ಲ. ಕೌಶಲ ಇಡೀ ಸೀಸನ್‌ನಲ್ಲಿ ನಿಧಾನಕ್ಕೆ ಕಾಣುತ್ತದೆ, ಒಂದು ರಾತ್ರಿಯ ಪಂದ್ಯದಲ್ಲಿ ಅದೃಷ್ಟದ ಪಾಲೇ ದೊಡ್ಡದು. ಕಬ್ಬಿನ ಬಿಲ್ಲಿನ ಹಣ, ತಂಬಾಕು ಮಾರಿದ ಹಣ, ತಂಗಿಯ ಶಾಲೆಯ ಶುಲ್ಕ ಇಂಥ ಒಂದು ರಾತ್ರಿಗೆ ಇಡುವಂಥದ್ದಲ್ಲ. ಸೋತದ್ದನ್ನು ಮರಳಿ ಪಡೆಯಲು ಮತ್ತೆ ಆಡುವುದು ಚಟದ ಮೊದಲ ಲಕ್ಷಣಗಳಲ್ಲಿ ಒಂದು.

ಕಾನೂನೂ ಸ್ಪಷ್ಟವಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟವೇ ಇರಲಿ ಅದೃಷ್ಟದ ಆಟವೇ ಇರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಆಟದ ಚಟದಿಂದ ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟಿದ್ದರೆ, ಸಾಲ ಮುಚ್ಚಿಡುತ್ತಿದ್ದರೆ, ಬೈಯುವುದಕ್ಕಿಂತ ಮೊದಲು ಕೂತು ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಒಂದೇ ಮಾತು

‘ತಂಡ ಬದಲಾದರೆ ಅಂಕ ಏರುತ್ತದೆ’ ಎಂಬುದು ಅರ್ಧಸತ್ಯ. ಅವಕಾಶ ಏರಿದರೆ ಸಾಮಾನ್ಯವಾಗಿ ಅಂಕ ಏರುತ್ತದೆ, ಅವಕಾಶ ಹಂಚಿಹೋದರೆ ಇಳಿಯುತ್ತದೆ. ಗೆಳೆಯರ ನಡುವೆ ಹಣವಿಲ್ಲದೆ ಆಡುವ ಲೀಗಿನಲ್ಲಿ ಈ ಲೆಕ್ಕ ಹಾಕುವುದು ಒಳ್ಳೆಯ ಮನರಂಜನೆ, ಒಳ್ಳೆಯ ಗಣಿತ ಪಾಠ ಕೂಡ. ಮುಂದಿನ ಸಲ ಟ್ರೇಡ್ ಸುದ್ದಿ ಬಂದಾಗ ಎತ್ತನ್ನಷ್ಟೇ ನೋಡಬೇಡಿ, ನೊಗದ ಆ ಬದಿಯಲ್ಲಿ ಯಾವ ಜೋಡಿ ಇದೆ ಎಂಬುದನ್ನೂ ನೋಡಿ.