ನವಸೈನಿಕರ ಮೂಲ ತರಬೇತಿ (ಭಾರತೀಯ ಭೂಸೇನೆ)

ನವಸೈನಿಕರ ಮೂಲ ತರಬೇತಿಯು ಭಾರತೀಯ ಭೂಸೇನೆಗೆ ಹೊಸದಾಗಿ ಸೇರಿದವರನ್ನು ಸೈನಿಕ ಕರ್ತವ್ಯಕ್ಕೆ ಸಿದ್ಧಗೊಳಿಸುವ ಮೊದಲ ಹಂತದ ಶಿಕ್ಷಣವಾಗಿದೆ. ದೇಹದಾರ್ಢ್ಯ, ಕವಾಯತು, ಆಯುಧಗಳ ಬಳಕೆ, ರಣಕ್ಷೇತ್ರದ ಕೌಶಲಗಳು, ಪ್ರಥಮ ಚಿಕಿತ್ಸೆ ಹಾಗೂ ಸೇನಾ ಕಾನೂನಿನ ಪರಿಚಯ ಇದರ ಮುಖ್ಯ ಅಂಗಗಳು. ಈ ತರಬೇತಿಯಲ್ಲಿರುವವರನ್ನು ಸೇನೆಯಲ್ಲಿ ‘ರಿಕ್ರೂಟ್’ ಎನ್ನುತ್ತಾರೆ. ಇದೇ ಇಂಗ್ಲಿಷ್ ಪದ ಉತ್ತರ ಭಾರತದ ಆಡುಮಾತಿನಲ್ಲಿ ‘ರಂಗರೂಟ್’ ಎಂದು ರೂಪಾಂತರಗೊಂಡಿದೆ.

ಅಧಿಕಾರಿಗಳ ತರಬೇತಿ ಇದರಿಂದ ಬೇರೆಯಾದುದು. ಅದು ಖಡಕ್ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಮೊದಲಾದ ಸಂಸ್ಥೆಗಳಲ್ಲಿ ನಡೆಯುತ್ತದೆ. ಸಿಪಾಯಿ ದರ್ಜೆಗೆ ಸೇರುವವರ ತರಬೇತಿ ಆಯಾ ರೆಜಿಮೆಂಟ್ ಅಥವಾ ಸೇನಾ ವಿಭಾಗದ ಕೇಂದ್ರದಲ್ಲಿ ನಡೆಯುತ್ತದೆ.

ಹಿನ್ನೆಲೆ

ಏಕರೂಪದ ಕವಾಯತು ಮತ್ತು ನಿಯತ ತರಬೇತಿಯನ್ನು ಆಧರಿಸಿದ ಪದಾತಿ ಪಡೆಗಳು ಭಾರತದಲ್ಲಿ 18ನೆಯ ಶತಮಾನದಲ್ಲಿ ಪ್ರಾಮುಖ್ಯ ಪಡೆದವು. ಆ ಕಾಲದ ಮಸ್ಕೆಟ್ ಬಂದೂಕಿನ ಗುರಿ ಅಷ್ಟು ನಿಖರವಾಗಿರಲಿಲ್ಲ; ಪ್ರತಿ ಗುಂಡಿಗೂ ಮದ್ದನ್ನು ಮತ್ತೆ ತುಂಬಬೇಕಾಗಿತ್ತು. ಆದುದರಿಂದ ಸಾಲಾಗಿ ನಿಂತವರು ಒಂದೇ ಆಜ್ಞೆಗೆ ಒಟ್ಟಿಗೆ ಗುಂಡು ಹಾರಿಸಿ, ಒಟ್ಟಿಗೆ ಮದ್ದು ತುಂಬುವುದು ಅನಿವಾರ್ಯವಾಯಿತು. 1748ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಗೆ ಬಂದ ಸ್ಟ್ರಿಂಜರ್ ಲಾರೆನ್ಸ್ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಪಡೆಗಳನ್ನು ಈ ಕ್ರಮದಲ್ಲಿ ಸಂಘಟಿಸಿದನು. ಮೈಸೂರಿನಲ್ಲಿ ಟಿಪ್ಪು ಸುಲ್ತಾನನ ಆಶ್ರಯದಲ್ಲಿ ಸಿದ್ಧವಾದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಪರ್ಷಿಯನ್ ಕೈಪಿಡಿಯೂ ಸೈನ್ಯದ ವ್ಯವಸ್ಥೆ ಮತ್ತು ಕವಾಯತಿನ ನಿಯಮಗಳನ್ನು ವಿವರಿಸುತ್ತದೆ.

ಸಾಲುಗಟ್ಟಿ ನಿಂತು ಹೋರಾಡುವ ಪದ್ಧತಿ ಇಂದು ಉಳಿದಿಲ್ಲ. ಆದರೂ ಹಲವರನ್ನು ಒಂದೇ ಲಯಕ್ಕೆ ತರುವ ಸಾಧನವಾಗಿ ಕವಾಯತು ತರಬೇತಿಯಲ್ಲಿ ಮುಂದುವರಿದಿದೆ.

ಆಯ್ಕೆ ಮತ್ತು ಅವಧಿ

2022ರ ಜೂನ್ 14ರಂದು ಕೇಂದ್ರ ಸರ್ಕಾರವು ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಅಂದಿನಿಂದ ಸಿಪಾಯಿ ದರ್ಜೆಯ ನೇಮಕಾತಿ ಈ ಯೋಜನೆಯಡಿ ನಡೆಯುತ್ತಿದ್ದು, ಆಯ್ಕೆಯಾದವರನ್ನು ‘ಅಗ್ನಿವೀರ’ರೆಂದು ಕರೆಯಲಾಗುತ್ತದೆ. ಪ್ರಕಟಣೆಯ ವೇಳೆ ವಯೋಮಿತಿಯನ್ನು 17½ರಿಂದ 21 ವರ್ಷಕ್ಕೆ ನಿಗದಿಗೊಳಿಸಲಾಗಿತ್ತು. ಆ ವರ್ಷಕ್ಕೆ ಮಾತ್ರ ಗರಿಷ್ಠ ಮಿತಿಯನ್ನು 23ಕ್ಕೆ ಸಡಿಲಿಸಲಾಯಿತು. 2023ರಿಂದ ಅಭ್ಯರ್ಥಿಗಳು ಮೊದಲು ಕಂಪ್ಯೂಟರ್ ಆಧಾರಿತ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆದು, ಬಳಿಕ ನೇಮಕಾತಿ ರ‍್ಯಾಲಿಗೆ ಹಾಜರಾಗುತ್ತಾರೆ. ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ, ಕಂಬಿ ಹಿಡಿದು ಮೈಯೆತ್ತುವುದು, 9 ಅಡಿ ಹಳ್ಳ ಜಿಗಿತ, ಅಂಕುಡೊಂಕು ದಿಮ್ಮಿಯ ಮೇಲೆ ಸಮತೋಲನದ ನಡಿಗೆ ಹಾಗೂ ವೈದ್ಯಕೀಯ ಪರೀಕ್ಷೆ ಇರುತ್ತವೆ.

ಅಗ್ನಿವೀರರ ಸೇವಾವಧಿ ತರಬೇತಿಯೂ ಸೇರಿ 4 ವರ್ಷ. ಮೊದಲ ತಂಡದ ತರಬೇತಿ 2023ರ ಜನವರಿಯಲ್ಲಿ ಆರಂಭವಾಯಿತು. ಪದಾತಿ ದಳದ ಕೇಂದ್ರಗಳಲ್ಲಿ ಒಟ್ಟು 31 ವಾರಗಳ ಕ್ರಮ ರೂಢಿಗೆ ಬಂದಿತು. ಇದರಲ್ಲಿ 10 ವಾರ ಮೂಲ ತರಬೇತಿ, ಉಳಿದ 21 ವಾರ ಉನ್ನತ ತರಬೇತಿ. ಹಿಂದಿನ ವ್ಯವಸ್ಥೆಗೆ ಹೋಲಿಸಿದರೆ ಈ ಅವಧಿ ಕಿರಿದು. ಆದ್ದರಿಂದ ಕಡಿಮೆ ಕಾಲದಲ್ಲಿ ಸೈನಿಕನನ್ನು ಸಂಪೂರ್ಣವಾಗಿ ಸಿದ್ಧಗೊಳಿಸಲು ಸಾಧ್ಯವೇ ಎಂಬ ಪ್ರಶ್ನೆ ಯೋಜನೆಯ ಕುರಿತ ಚರ್ಚೆಯ ಭಾಗವಾಗಿದೆ.

ತರಬೇತಿ ಕೇಂದ್ರಗಳು

ಭಾರತೀಯ ಪದಾತಿ ದಳದಲ್ಲಿ ಹೆಚ್ಚಿನ ರೆಜಿಮೆಂಟುಗಳಿಗೆ ತಮ್ಮದೇ ಕೇಂದ್ರ, ಲಾಂಛನ, ಯುದ್ಧಘೋಷ ಮತ್ತು ಸಂಪ್ರದಾಯಗಳಿವೆ. ಗಢವಾಲ್ ರೈಫಲ್ಸ್ ಕೇಂದ್ರ ಲ್ಯಾನ್ಸ್‌ಡೌನ್‌ನಲ್ಲಿಯೂ ಕುಮಾವೂಂ ರೆಜಿಮೆಂಟಿನದು ರಾಣಿಖೇತ್‌ನಲ್ಲಿಯೂ ಬಿಹಾರ್ ರೆಜಿಮೆಂಟಿನದು ದಾನಾಪುರದಲ್ಲಿಯೂ ಇವೆ. 1758ರಷ್ಟು ಹಿಂದಿನ ಇತಿಹಾಸವುಳ್ಳ ಮದ್ರಾಸ್ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಫಿರಂಗಿ ದಳದ ನವಸೈನಿಕರು ನಾಸಿಕ್ ರೋಡ್ ಮತ್ತು ಹೈದರಾಬಾದ್ ಕೇಂದ್ರಗಳಲ್ಲಿ ಕಲಿಯುತ್ತಾರೆ.

ದಿನಚರಿ

ಕೇಂದ್ರಕ್ಕೆ ಬಂದ ನವಸೈನಿಕರ ಕೂದಲನ್ನು ಗಿಡ್ಡಗೆ ಕತ್ತರಿಸಿ, ಸಮವಸ್ತ್ರ ಹಾಗೂ ಹಾಸಿಗೆ ಸಾಮಗ್ರಿಗಳನ್ನು ವಿತರಿಸಲಾಗುತ್ತದೆ. ಬಳಿಕ ಅವರನ್ನು ಪ್ಲಟೂನುಗಳಾಗಿ ವಿಂಗಡಿಸಿ ಬ್ಯಾರಕ್‌ಗಳಲ್ಲಿ ಇರಿಸಲಾಗುತ್ತದೆ. ಬೋಧಕರು ಸಾಮಾನ್ಯವಾಗಿ ನಾಯಕ್, ಹವಾಲ್ದಾರ್ ಮೊದಲಾದ ದರ್ಜೆಯ ಅನುಭವಿ ಸೈನಿಕರು. ಇವರನ್ನು ‘ಉಸ್ತಾದ್’ ಎಂದು ಸಂಬೋಧಿಸುವುದು ವಾಡಿಕೆ.

ದಿನವು ಸೂರ್ಯೋದಯಕ್ಕೆ ಮುನ್ನವೇ ಆರಂಭವಾಗುತ್ತದೆ. ಬೆಳಗಿನ ದೈಹಿಕ ವ್ಯಾಯಾಮ ಮತ್ತು ಉಪಾಹಾರದ ಬಳಿಕ ಕವಾಯತು, ಆಯುಧಾಭ್ಯಾಸ ಹಾಗೂ ತರಗತಿಗಳು ನಡೆಯುತ್ತವೆ. ಸಂಜೆ ಆಟೋಟ, ರಾತ್ರಿ ಹಾಜರಿ. ಹಾಸಿಗೆಯ ಮಡಿಕೆ, ಬೂಟಿನ ಹೊಳಪು, ಪೆಟ್ಟಿಗೆಯೊಳಗಿನ ವಸ್ತುಗಳ ಜೋಡಣೆ ಇವೆಲ್ಲವೂ ತಪಾಸಣೆಗೆ ಒಳಪಡುತ್ತವೆ. ಕತ್ತಲಲ್ಲಿಯೂ ತನ್ನ ಸಾಮಗ್ರಿ ಎಲ್ಲಿದೆಯೆಂದು ತಡಕಾಡದೆ ತಿಳಿಯುವುದು ಸೈನಿಕನಿಗೆ ಅಗತ್ಯ. ಈ ಅಭ್ಯಾಸಕ್ಕೆ ಬ್ಯಾರಕ್ಕಿನಲ್ಲಿಯೇ ಅಡಿಪಾಯ ಬೀಳುತ್ತದೆ.

ಒಬ್ಬನ ಲೋಪಕ್ಕೆ ಇಡೀ ತಂಡವೇ ಹೆಚ್ಚುವರಿ ಓಟ ಅಥವಾ ವ್ಯಾಯಾಮ ಮಾಡಬೇಕಾಗುವ ಸಂದರ್ಭಗಳುಂಟು. ಇಂತಹ ಶ್ರಮಕ್ಕೆ ಸೈನಿಕರ ಆಡುಮಾತಿನಲ್ಲಿ ‘ರಗಡಾ’ ಎನ್ನುತ್ತಾರೆ. ಮನೆಯಿಂದ ದೂರವಿರುವುದು, ನಿದ್ರೆಯ ಕೊರತೆ, ಹೊಸ ಭಾಷೆ ಹಾಗೂ ನಿರಂತರ ತಪಾಸಣೆಗಳಿಂದಾಗಿ ಮೊದಲ ಕೆಲವು ವಾರಗಳು ಅನೇಕರಿಗೆ ಅತ್ಯಂತ ಕಠಿಣವಾಗುತ್ತವೆ.

ತರಬೇತಿಯ ವಿಷಯಗಳು

ಕವಾಯತು: ಆಜ್ಞೆಗಳು ಹಿಂದಿಯಲ್ಲಿರುತ್ತವೆ. ‘ಸಾವಧಾನ್’, ‘ವಿಶ್ರಾಮ್’, ‘ದಾಹಿನೇ ಮುಡ್’, ‘ತೇಜ್ ಚಲ್’, ‘ಥಮ್’ ಇವು ಮೊದಲು ಕಲಿಯುವ ಪದಗಳು. ಅನೇಕ ಆಜ್ಞೆಗಳಲ್ಲಿ ಎರಡು ಭಾಗಗಳಿರುತ್ತವೆ: ಮೊದಲನೆಯದು ಮುನ್ಸೂಚನೆ, ಎರಡನೆಯದು ಕ್ರಿಯೆಗೆ ಚಾಲನೆ. ಇವೆರಡರ ನಡುವಿನ ಕ್ಷಣದಲ್ಲಿ ಮನಸ್ಸು ಸಿದ್ಧವಾಗಬೇಕು. ಆದರೆ ದೇಹ ಮೊದಲೇ ಚಲಿಸಬಾರದು. ತೇಜ್ ಚಾಲ್‌ನ ಸಾಮಾನ್ಯ ವೇಗ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಯ ಅಂತರ 30 ಅಂಗುಲ.

ದೈಹಿಕ ತರಬೇತಿ: ಓಟ, ಹಗ್ಗ ಹತ್ತುವುದು, ಅಡೆತಡೆಗಳ ಪಥ ಮತ್ತು ಭಾರ ಹೊತ್ತು ನಡೆಯುವುದು ಹಂತಹಂತವಾಗಿ ಹೆಚ್ಚುತ್ತವೆ. ದೈಹಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ 2.4 ಕಿ.ಮೀ. ಓಟವಿದೆ. ರಣಕ್ಷೇತ್ರ ಸಾಮರ್ಥ್ಯದ ಪರೀಕ್ಷೆಯಲ್ಲಿ ರೈಫಲ್ ಮತ್ತು ಸಾಮಗ್ರಿಗಳೊಂದಿಗೆ 5 ಕಿ.ಮೀ. ಓಟ, 60 ಮೀಟರ್ ವೇಗದ ಓಟ, ಹಗ್ಗದ ಅಭ್ಯಾಸಗಳು ಹಾಗೂ 9 ಅಡಿ ಹಳ್ಳ ಜಿಗಿತ ಸೇರಿವೆ.

ಆಯುಧ ತರಬೇತಿ: ರೈಫಲನ್ನು ಬಿಚ್ಚಿ ಜೋಡಿಸುವುದು, ಸ್ವಚ್ಛಗೊಳಿಸುವುದು ಮತ್ತು ಸುರಕ್ಷತೆಯ ನಿಯಮಗಳನ್ನು ಪಾಲಿಸುವುದು ಮೊದಲ ಪಾಠ. ಕೈಗೆ ಬಂದ ಆಯುಧದಲ್ಲಿ ಗುಂಡು ಇದೆಯೇ ಎಂದು ಸ್ವತಃ ಪರೀಕ್ಷಿಸಬೇಕು. ಗುರಿಯಲ್ಲದ ಯಾರ ಕಡೆಗೂ ಅದರ ನಳಿಗೆ ತಿರುಗಬಾರದು. ಗುಂಡು ಹಾರಿಸುವ ಅಭ್ಯಾಸದಲ್ಲಿ ಮೊದಲು ನೋಡುವುದು ‘ಗ್ರೂಪಿಂಗ್’, ಅಂದರೆ ಒಂದೇ ಕಡೆಗೆ ಗುರಿಯಿಟ್ಟು ಹಾರಿಸಿದ ಗುಂಡುಗಳು ಪರಸ್ಪರ ಎಷ್ಟು ಸಮೀಪ ಬಿದ್ದಿವೆ ಎಂಬುದು. ಅವು ಗುರಿಯ ಮಧ್ಯದಿಂದ ದೂರವಿದ್ದರೂ ಒಟ್ಟಾಗಿ ಬಿದ್ದಿದ್ದರೆ ದರ್ಶಕವನ್ನು ಹೊಂದಿಸಿ ಸರಿಪಡಿಸಬಹುದು. ಚದುರಿ ಬಿದ್ದಿದ್ದರೆ ಹಿಡಿತ, ಉಸಿರಾಟ ಅಥವಾ ಕುದುರೆ ಎಳೆಯುವ ಕ್ರಮದಲ್ಲಿ ದೋಷವಿದೆಯೆಂದು ಅರ್ಥ. ದೀರ್ಘಕಾಲ ಬಳಕೆಯಲ್ಲಿರುವ 5.56 ಮಿ.ಮೀ. ಇನ್ಸಾಸ್ ರೈಫಲಿನ ಸ್ಥಾನಕ್ಕೆ ಎಕೆ-203 ಮೊದಲಾದ ಹೊಸ ರೈಫಲುಗಳು ಬರುತ್ತಿವೆ.

ರಣಕ್ಷೇತ್ರ ಕೌಶಲ: ಮರೆಮಾಚುವಿಕೆ, ತೆವಳುವಿಕೆ, ದೂರದ ಅಂದಾಜು, ನಕಾಶೆ ಓದುವುದು, ಕಂದಕ ತೋಡುವುದು, ಗ್ರೆನೇಡ್ ಎಸೆತ ಮತ್ತು ರಾತ್ರಿ ನಡಿಗೆ ಇದರಲ್ಲಿ ಸೇರಿವೆ. ಪದಾತಿ ದಳದ ಚಿಕ್ಕ ಘಟಕವಾದ ಸೆಕ್ಷನ್‌ನಲ್ಲಿ 10 ಮಂದಿ ಇರುತ್ತಾರೆ. ಕೆಲವರು ಮುನ್ನಡೆಯುವಾಗ ಉಳಿದವರು ಗುಂಡಿನ ದಾಳಿಯಿಂದ ಶತ್ರುವನ್ನು ತಡೆಹಿಡಿಯುವುದು ಅದರ ಮೂಲ ತಂತ್ರ. ಕವಾಯತು ಮತ್ತು ಬ್ಯಾರಕ್ಕಿನ ಶಿಸ್ತಿನ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ: ಬಯಲನ್ನು ದಾಟುವವನ ಜೀವ ಹಿಂದೆ ಉಳಿದವನ ಗಮನವನ್ನು ಅವಲಂಬಿಸಿರುತ್ತದೆ.

ಆರೋಗ್ಯದ ಅಪಾಯಗಳು

ಪಾದ ಮತ್ತು ಮೊಣಕಾಲ ಕೆಳಗಿನ ಮೂಳೆಗಳಲ್ಲಿ ಕಾಣಿಸಿಕೊಳ್ಳುವ ಒತ್ತಡದ ಬಿರುಕು ನಾನಾ ದೇಶಗಳ ನವಸೈನಿಕರಲ್ಲಿ ಸಾಮಾನ್ಯವಾದ ಗಾಯ. ಸ್ನಾಯುಗಳಿಗಿಂತ ಮೂಳೆಗಳು ಹೊಸ ಹೊರೆಗೆ ನಿಧಾನವಾಗಿ ಹೊಂದಿಕೊಳ್ಳುತ್ತವೆ. ಆದುದರಿಂದ ಓಟ ಮತ್ತು ಭಾರವನ್ನು ಒಮ್ಮೆಲೇ ಹೆಚ್ಚಿಸಿದಾಗ ಅಪಾಯವೂ ಹೆಚ್ಚುತ್ತದೆ. ಬೇಸಗೆಯಲ್ಲಿ ಉಷ್ಣಾಘಾತ ಜೀವಕ್ಕೇ ಅಪಾಯಕಾರಿಯಾಗಬಲ್ಲದು. ಬಿಸಿ ವಾತಾವರಣಕ್ಕೆ ದೇಹ ಹೊಂದಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಹಿಂದುಳಿದುಬಿಡುವ ಭಯದಿಂದ ನೋವನ್ನು ಮರೆಮಾಚುವ ನವಸೈನಿಕನ ಸಣ್ಣ ಬಿರುಕು ಪೂರ್ಣ ಮುರಿತವಾಗಬಹುದು. ಹೀಗಾಗಿ ತೊಂದರೆಯನ್ನು ಬೇಗ ತಿಳಿಸುವುದು ದೌರ್ಬಲ್ಯವಲ್ಲ, ಚಿಕಿತ್ಸೆಯ ಮೊದಲ ಹೆಜ್ಜೆ.

ನಿಗದಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗದವರನ್ನು ಅಥವಾ ದೀರ್ಘ ಚಿಕಿತ್ಸೆ ಪಡೆದವರನ್ನು ನಂತರದ ತಂಡಕ್ಕೆ ಸೇರಿಸುವುದುಂಟು. ದಕ್ಷ ಸೈನಿಕನಾಗುವ ಸಂಭವವಿಲ್ಲವೆಂದು ನಿರ್ಣಯವಾದರೆ ಸೇವೆಯಿಂದ ಬಿಡುಗಡೆ ಮಾಡಲು ನಿಯಮಗಳಲ್ಲಿ ಅವಕಾಶವಿದೆ.

ಶಿಸ್ತು ಮತ್ತು ಕಾನೂನು

ಸೇನೆಗೆ ಸೇರಿದವನು 1950ರ ಸೇನಾ ಅಧಿನಿಯಮಕ್ಕೆ ಒಳಪಡುತ್ತಾನೆ. ಸಂವಿಧಾನದ 33ನೆಯ ವಿಧಿಯು ಸಶಸ್ತ್ರ ಪಡೆಗಳ ಸದಸ್ಯರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ನಾಗರಿಕ ಉದ್ಯೋಗಿಯಂತೆ ಸೈನಿಕನು ಕೆಲಸ ಬಿಟ್ಟು ಹೊರಟುಹೋಗುವಂತಿಲ್ಲ. ಅನುಮತಿಯಿಲ್ಲದ ಗೈರುಹಾಜರಿಯೂ ಸೇನೆಯಿಂದ ಪಲಾಯನವೂ ಅಪರಾಧಗಳು.

ಆದರೆ ಈ ಕಾನೂನು ವಿಧೇಯತೆಯೊಂದಿಗೆ ಅಧಿಕಾರದ ಮಿತಿಯನ್ನೂ ಹೇಳುತ್ತದೆ. 41ನೆಯ ಕಲಮಿನ ಪ್ರಕಾರ ಶಿಕ್ಷಾರ್ಹವಾಗಿರುವುದು ಕಾನೂನುಬದ್ಧ ಆಜ್ಞೆಯ ಉಲ್ಲಂಘನೆ. 47ನೆಯ ಕಲಮು ಅಧೀನನ ಮೇಲೆ ಕೈಮಾಡುವುದನ್ನು ಅಥವಾ ಅವನನ್ನು ದುರ್ವರ್ತನೆಗೆ ಗುರಿಪಡಿಸುವುದನ್ನು ಅಪರಾಧವೆಂದು ಪರಿಗಣಿಸಿ, 7 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಅನ್ಯಾಯವಾಗಿದೆಯೆಂದು ಭಾವಿಸುವ ಸೈನಿಕನು 26ನೆಯ ಕಲಮಿನಡಿ ಮೇಲಧಿಕಾರಿಗೆ ದೂರು ಸಲ್ಲಿಸಬಹುದು. ಹೀಗೆ ಕಠಿಣ ತರಬೇತಿ ಮತ್ತು ಹಿಂಸೆ ಎರಡೂ ಒಂದೇ ಅಲ್ಲವೆಂಬುದನ್ನು ಕಾನೂನು ಗುರುತಿಸಿದೆ. ಆದರೆ ಹದಿನೆಂಟು-ಇಪ್ಪತ್ತರ ವಯಸ್ಸಿನ ಹೊಸಬನು ತನ್ನ ಬೋಧಕನ ವಿರುದ್ಧ ದೂರಲು ಹಿಂಜರಿಯುವುದು ಸಹಜ. ಆದ್ದರಿಂದ ಈ ವ್ಯತ್ಯಾಸವು ಪ್ರತಿದಿನ ಪಾಲನೆಯಾಗುವುದು ಬಹುಮಟ್ಟಿಗೆ ಬೋಧಕರ ವಿವೇಕವನ್ನೂ ಅಧಿಕಾರಿಗಳ ಮೇಲ್ವಿಚಾರಣೆಯನ್ನೂ ಅವಲಂಬಿಸಿದೆ.

ಪ್ರಮಾಣ ಸ್ವೀಕಾರ

ತರಬೇತಿಯ ಕೊನೆಯಲ್ಲಿ ‘ಕಸಮ್ ಪರೇಡ್’ ನಡೆಯುತ್ತದೆ. ರಾಷ್ಟ್ರಧ್ವಜ ಮತ್ತು ಧರ್ಮಗ್ರಂಥಗಳ ಸಮ್ಮುಖದಲ್ಲಿ ನವಸೈನಿಕರು ಪ್ರಮಾಣ ಸ್ವೀಕರಿಸುತ್ತಾರೆ. ಸೇನಾ ಅಧಿನಿಯಮದ 17ನೆಯ ಕಲಮಿನ ಪ್ರಕಾರ ಇದರಲ್ಲಿ ಸಂವಿಧಾನಕ್ಕೆ ನಿಷ್ಠೆ, ನೆಲ, ಜಲ, ವಾಯುಮಾರ್ಗಗಳಲ್ಲಿ ಆದೇಶವಾದೆಡೆಗೆ ಹೋಗುವ ಸಿದ್ಧತೆ ಹಾಗೂ ಪ್ರಾಣಾಪಾಯವಿದ್ದರೂ ಮೇಲಧಿಕಾರಿಯ ಆಜ್ಞೆ ಪಾಲಿಸುವ ವಚನ ಇರುತ್ತವೆ. ನಿಷ್ಠೆಯನ್ನು ಸಲ್ಲಿಸುವುದು ಯಾವುದೇ ವ್ಯಕ್ತಿಗಲ್ಲ, ಸಂವಿಧಾನಕ್ಕೆ ಎಂಬುದು ಗಮನಾರ್ಹ. ಸಮಾರಂಭಕ್ಕೆ ಬಂದ ತಂದೆತಾಯಿಗಳಿಗೆ ‘ಗೌರವ ಪದಕ’ ನೀಡುವ ರೂಢಿ ಅನೇಕ ಕೇಂದ್ರಗಳಲ್ಲಿದೆ.

ಅಗ್ನಿವೀರರ ಪೈಕಿ 4 ವರ್ಷಗಳ ಬಳಿಕ ಶೇ. 25ರವರೆಗಿನವರನ್ನು ಕಾಯಂ ಸೇವೆಗೆ ಆಯ್ಕೆಮಾಡಿಕೊಳ್ಳಲು ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಉಳಿದವರು ‘ಸೇವಾ ನಿಧಿ’ ಪಡೆದು ನಾಗರಿಕ ಜೀವನಕ್ಕೆ ಮರಳುತ್ತಾರೆ. ಆರಂಭದಲ್ಲಿ ಇದರ ಮೊತ್ತವನ್ನು ಸುಮಾರು 11.71 ಲಕ್ಷ ರೂಪಾಯಿ ಎಂದು ಪ್ರಕಟಿಸಲಾಗಿತ್ತು.

ಕರ್ನಾಟಕ ಮತ್ತು ಕನ್ನಡಿಗ ನವಸೈನಿಕರು

ಕರ್ನಾಟಕದಲ್ಲಿ ಹಲವು ಪ್ರಮುಖ ತರಬೇತಿ ಕೇಂದ್ರಗಳಿವೆ. 1768ರಷ್ಟು ಹಿಂದಿನ ಇತಿಹಾಸವುಳ್ಳ ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. 1780ರಲ್ಲಿ ಮೂಲ ಹೊಂದಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಸಮೀಪದಲ್ಲಿದೆ. ಇಲ್ಲಿ ನವಸೈನಿಕರು ಸಾಮಾನ್ಯ ತರಬೇತಿಯ ಜತೆಗೆ ಸೇತುವೆ ನಿರ್ಮಾಣ, ನೆಲಬಾಂಬುಗಳ ನಿರ್ವಹಣೆ ಮೊದಲಾದ ಎಂಜಿನಿಯರಿಂಗ್ ಕಾರ್ಯಗಳನ್ನೂ ಕಲಿಯುತ್ತಾರೆ. ಈ ಪಡೆಯ ಸೈನಿಕರನ್ನು ಪ್ರೀತಿಯಿಂದ ‘ತಂಬಿ’ ಎಂದು ಕರೆಯುವುದುಂಟು.

ಬೆಂಗಳೂರಿನಲ್ಲಿರುವ ಸೇನಾ ಪೊಲೀಸ್ ದಳದ ಕೇಂದ್ರ ಮತ್ತು ಶಾಲೆಯು ಮಹಿಳೆಯರ ತರಬೇತಿಯ ಇತಿಹಾಸದಲ್ಲಿ ವಿಶೇಷ ಸ್ಥಾನ ಪಡೆದಿದೆ. ಸೈನಿಕ ದರ್ಜೆಗೆ ಸೇರಿದ ಮಹಿಳೆಯರ ಮೊದಲ ತಂಡ ಇಲ್ಲಿ 61 ವಾರಗಳ ತರಬೇತಿ ಪೂರೈಸಿತು. 2021ರ ಮೇ 8ರಂದು ದ್ರೋಣಾಚಾರ್ಯ ಪರೇಡ್ ಮೈದಾನದಲ್ಲಿ 83 ಮಹಿಳೆಯರು ಪ್ರಮಾಣ ಸ್ವೀಕರಿಸಿದರು.

ಮದ್ರಾಸ್ ರೆಜಿಮೆಂಟಿಗೆ ದಕ್ಷಿಣದ ಇತರ ರಾಜ್ಯಗಳವರ ಜತೆಗೆ ಕನ್ನಡಿಗರೂ ಸೇರುತ್ತಾರೆ. ‘ವೀರ ಮದ್ರಾಸಿ, ಅಡಿ ಕೊಲ್ಲು’ ಎಂಬ ಅದರ ಯುದ್ಧಘೋಷದ ಧ್ವನಿ ಕನ್ನಡ ಕಿವಿಗೆ ಅಪರಿಚಿತವಲ್ಲ. ಹಿಂದಿಯ ಪರಿಚಯ ಕಡಿಮೆಯಿರುವ ಗ್ರಾಮೀಣ ಯುವಕರಿಗೆ ಆಜ್ಞೆಗಳ ಭಾಷೆಯೇ ಆರಂಭದ ತೊಡಕಾಗುತ್ತದೆ. ಪಕ್ಕದಲ್ಲಿರುವವನ ಚಲನೆಯನ್ನು ನೋಡಿ ಅನುಸರಿಸುತ್ತ, ಪುನರಾವರ್ತನೆಯ ಮೂಲಕ ಅವರು ಈ ಪದಗಳನ್ನು ರೂಢಿಸಿಕೊಳ್ಳುತ್ತಾರೆ.