ಟೋರೊ

ಟೋರೊ: ಕೆನಡದ ಟೊರಾಂಟೊ ನಗರದಿಂದ 2003-07ರ ಅವಧಿಯಲ್ಲಿ ಅಚ್ಚಾಗಿ ಬರುತ್ತಿದ್ದ ಇಂಗ್ಲಿಷ್ ಪುರುಷರ ಪತ್ರಿಕೆ. ಸ್ಥಾಪಕ ಹಾಗೂ ಪ್ರಕಾಶಕ ಕ್ರಿಸ್ಟೋಫರ್ ಬ್ರಾಟಿ, ಪಕ್ಕದ ಮಾರ್ಕಮ್ ಪ್ರದೇಶದಲ್ಲಿ ಬಡಾವಣೆಗಳನ್ನು ಕಟ್ಟಿದ ಉದ್ಯಮಿ ಮನೆತನದವರು.

ಕೆನಡದ ಮೊದಲ ಪುರುಷರ ಪತ್ರಿಕೆ ಎಂಬ ಪಟ್ಟ ಇದಕ್ಕೆ ಸಲ್ಲದು. ಒಟ್ಟಾವದ ಅರ್ಬನ್ ಮೇಲ್ ಮ್ಯಾಗಜೀನ್ ಇದಕ್ಕಿಂತ ಹಿರಿಯದು. ಆದರೆ ಕೆನಡದಲ್ಲಿ ಇಂಥ ಪತ್ರಿಕೆಗಳು ಇಷ್ಟು ತಡವಾಗಿ, ಇಷ್ಟು ವಿರಳವಾಗಿ ಹುಟ್ಟಿದ್ದೇಕೆ ಎಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ. ಅಮೆರಿಕದ ಎಸ್ಕ್ವೈರ್ (1933), ಪ್ಲೇಬಾಯ್ (1953) ಗಡಿ ದಾಟಿ ನೇರವಾಗಿ ಅಂಗಡಿಗೆ ಬರುತ್ತಿದ್ದವು. ಅವುಗಳ ಜಾಹೀರಾತೂ ಜೊತೆಗೇ ಬರುತ್ತಿತ್ತು. ವಿದೇಶಿ ಪತ್ರಿಕೆಗಳ ಕೆನಡ ಆವೃತ್ತಿಗಳಿಗೆ 1965ರಲ್ಲಿ ಕಡಿವಾಣ ಬಿತ್ತು. ಟೈಮ್ ಪತ್ರಿಕೆಗೆ ಉಳಿದಿದ್ದ ತೆರಿಗೆ ವಿನಾಯಿತಿ 1976ರಲ್ಲಿ ಹೋಯಿತು. ಇದರ ಲಾಭ ದೊರೆತದ್ದು ಮ್ಯಾಕ್ಲೀನ್ಸ್‌ನಂಥ ಸುದ್ದಿಪತ್ರಿಕೆಗೆ. ಕಾನೂನು ತಡೆದದ್ದು ಪ್ರತ್ಯೇಕ ಆವೃತ್ತಿಯನ್ನು, ಮೂಲ ಸಂಚಿಕೆಯನ್ನಲ್ಲ. ಹಾಗಾಗಿ ಪುರುಷರ ಪತ್ರಿಕೆಗಳಿಗೆ ಅದರಿಂದ ಹೇಳಿಕೊಳ್ಳುವ ಆಸರೆ ಸಿಗಲಿಲ್ಲ. ಈ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆ ಕೊಟ್ಟ 1997ರ ತೀರ್ಪಿನ ನಂತರ, ಅಮೆರಿಕದೊಂದಿಗಿನ 1999ರ ಒಪ್ಪಂದದಿಂದ ಆ ತಡೆಯೂ ಸಡಿಲಾಯಿತು.

ಟೋರೊ ಕಂಡುಕೊಂಡ ದಾರಿ ವಿತರಣೆಯದು. ಅಂಗಡಿಯ ಕಪಾಟಿನಲ್ಲಿ ಅಮೆರಿಕದ ಪತ್ರಿಕೆಗಳ ಮಗ್ಗುಲಲ್ಲಿ ಕಾಯುವ ಬದಲು ಗ್ಲೋಬ್ ಅಂಡ್ ಮೇಲ್ ದಿನಪತ್ರಿಕೆಯೊಳಗೆ ಪುರವಣಿಯಂತೆ ಸೇರಿ ಮನೆಗಳಿಗೆ ಹೋಯಿತು. ಉಪಾಯ ಹೊಸದಲ್ಲ. 1984ರಲ್ಲಿ ನಿಂತ ಟೊರಾಂಟೊದ ಕ್ವೆಸ್ಟ್ ಪತ್ರಿಕೆಯೂ ಅದರ ಸೋದರಿ ಪತ್ರಿಕೆ ಹೋಮ್‌ಮೇಕರ್ಸ್ ಕೂಡ ಆಯ್ದ ಬಡಾವಣೆಗಳ ಮನೆಬಾಗಿಲಿಗೆ ಉಚಿತವಾಗಿ ತಲುಪುತ್ತಿದ್ದವು. ಈ ಏರ್ಪಾಟಿನಲ್ಲಿ ಬೆಲೆ ಕೊಟ್ಟು ಕೊಳ್ಳುವ ಓದುಗನಿಲ್ಲ. ಪತ್ರಿಕೆಯ ಆಯುಸ್ಸು ಜಾಹೀರಾತುದಾರರ ಕೈಯಲ್ಲಿ.

ಉಡುಗೆ, ಕಾರು, ಮದ್ಯಗಳ ಪುಟಗಳು ಎಲ್ಲ ಪುರುಷರ ಪತ್ರಿಕೆಗಳಲ್ಲೂ ಇರುವಂಥವೇ. ಸಂಪಾದಕ ಡೆರೆಕ್ ಫಿಂಕಲ್ ಮಾತ್ರ ಆ ಸಾಲಿನವರಲ್ಲ. ಟೊರಾಂಟೊದ ಸ್ಕಾರ್ಬರೋ ಭಾಗದ ಕೊಲೆ ಪ್ರಕರಣವೊಂದರ ಶಿಕ್ಷೆಯನ್ನು ಪ್ರಶ್ನಿಸಿ 1998ರಲ್ಲಿ ಪುಸ್ತಕ ಬರೆದಿದ್ದ ಅವರು ದೀರ್ಘ ವರದಿಗಳಿಗೆ ಜಾಗ ಕೊಟ್ಟರು. ಆ ಪ್ರಕರಣದ ಆರೋಪಿ ರಾಬರ್ಟ್ ಬಾಲ್ಟೊವಿಚ್ 2008ರಲ್ಲಿ ಖುಲಾಸೆಯಾದರು. ಲೈಂಗಿಕ ವಿಷಯಗಳ ಅಂಕಣವನ್ನು ಬೇಬಿ ಓಷೇ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ನಾಟಕಕಾರ್ತಿ, ಕಾದಂಬರಿಕಾರ್ತಿ ಕ್ಲಾಡಿಯಾ ಡೇ. ಗಂಡಸರ ಪತ್ರಿಕೆಯಲ್ಲಿ ಆ ಪುಟ ಹೆಣ್ಣಿನದಾಗಿದ್ದುದು ಗಮನಾರ್ಹ.

ಪತ್ರಿಕೆಯ ಕೊನೆಯ ಬಗ್ಗೆ ಗೊಂದಲಕ್ಕೆ ಎಡೆಯಿದೆ. ಮುದ್ರಣ ನಿಂತದ್ದು 2007ರಲ್ಲಿ. ಮರುವರ್ಷ ಅದೇ ಹೆಸರು ಅಂತರಜಾಲದಲ್ಲಿ ಮತ್ತೆ ಕಾಣಿಸಿಕೊಂಡಿತು. ಎರಡನ್ನೂ ಒಂದೇ ಅವಧಿಯೆಂದು ಎಣಿಸುವುದು ಸರಿಕಾಣದು. ಮುದ್ರಣ ನಿಂತ ಬಳಿಕ ಫಿಂಕಲ್ 2009ರಲ್ಲಿ ಸ್ವತಂತ್ರ ಬರಹಗಾರರ ಪರವಾಗಿ ವ್ಯವಹರಿಸುವ ಕೆನೇಡಿಯನ್ ರೈಟರ್ಸ್ ಗ್ರೂಪ್ ಕಟ್ಟಿದರು. ಟೊರಾಂಟೊದ ಕಾಂಟೆಂಪೊ ಮೀಡಿಯಾ 2008ರಲ್ಲಿ ಶಾರ್ಪ್ ಎಂಬ ಪುರುಷರ ಪತ್ರಿಕೆ ಆರಂಭಿಸಿತು. ಅದೂ ಗ್ಲೋಬ್ ಅಂಡ್ ಮೇಲ್ ಜೊತೆಗೇ ಮನೆಗಳನ್ನು ತಲುಪಿತು.